ಸವುಳು ನೀರಿನ ಜೋಳ

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಧರ್ಮಪುರದ ಆಚೆ, ನಮ್ಮ ಎರೆಹೊಲದಲ್ಲಿ
ನೀರು ಕುಡಿದದ್ದೆಲ್ಲ ಉಪ್ಪು ತಿನ್ನಲೇಬೇಕು.

ಆರುನೂರು ಅಡಿಯಿಂದ ಎದ್ದು ಬರುವ ಈ ನೀರಿಗೆ
ಚಹಾದ ಹಾಲು ಒಡೆಯುತ್ತದೆ,
ಬೇಳೆ ಎರಡು ಗಂಟೆ ಕುದ್ದರೂ ಹಠ ಬಿಡುವುದಿಲ್ಲ.
ಮೋಟಾರು ನಿಂತ ಮೇಲೆ ಕಾಲುವೆಯಂಚು ಬೆಳ್ಳಗೆ,
ಹಸುಗೂಸು ಕಕ್ಕಿದ ಹಾಲಿನ ಕಲೆಯಂತೆ.

ಹೋದ ವರ್ಷ ಜೋಳದ ಎಲೆ
ತುದಿಯಿಂದ ಸುಟ್ಟುಕೊಂಡು ಒಳಬಂತು
ಬೀಡಿ ಉರಿಯುವ ಹಾಗೆ, ಸದ್ದಿಲ್ಲದೆ.

ಹಿರಿಯೂರಿನಿಂದ ನೀರು ಅಳೆಯಲು ಬಂದ ಹುಡುಗಿ ಶಾಹಿನಾ
ಮೀಟರು ಅದ್ದುವ ಮೊದಲೇ
ನಾನು ನಾಲಿಗೆಗಿಟ್ಟು ಹೇಳಿದ್ದೆ:
ಹೋದ ಸಲಕ್ಕಿಂತ ಒಂದು ಚಿಟಿಕೆ ಜಾಸ್ತಿ.
ಮೀಟರೂ ಹೌದೆಂದಿತು.

"ಬೇರಿಗೊಂದು ಬಾಗಿಲಿದೆ, ಕಾಟಕ್ಕ.
ಸೋಡಿಯಂ, ಪೊಟ್ಯಾಷ್ ನೋಡಲು ಅಣ್ಣತಮ್ಮಂದಿರ ಥರ.
ಕತ್ತಲಲ್ಲಿ ಗುರುತು ತಪ್ಪಿ ಗಿಡ ಕದ ತೆಗೆಯುತ್ತೆ.
ಬೇಕಾದವನೇ ಹೊಸ್ತಿಲ ತುಂಬ ನಿಂತಿದ್ದರೆ
ಬೇಡದವನು ಎಲ್ಲಿ ನುಗ್ಗುತ್ತಾನೆ?"

ದುರ್ಗದ ಸೀಮೆಯವಳಿಗೆ
ಕಿಂಡಿ ಕಾಯುವ ಮಾತು ಬಿಡಿಸಿ ಹೇಳಬೇಕೆ.

ಕೆಂಪು ಪೊಟ್ಯಾಷ್ ಬೇಡವಂತೆ,
ಅದರ ಬೆನ್ನಿಗೂ ಕ್ಲೋರೈಡಿನ ಮೂಟೆ.
ಬಿಳಿಯದು, ಸಲ್ಫೇಟು.
ಗೊಬ್ಬರದಂಗಡಿ ಕ್ಯಾತಣ್ಣ ಬೆಲೆ ಹೇಳಿದ,
ನಾನು ಅಲ್ಲೇ ಯೂರಿಯಾ ಚೀಲದ ಮೇಲೆ ಕೂತೆ.
ಮೂರು ಚೀಲ ಒಂದೂವರೆಗೆ ಇಳಿಯಿತು.
"ಉಪ್ಪಿಗೆ ಇನ್ನೊಂದು ಉಪ್ಪು ಮದ್ದೇ?" ಪಾಲಯ್ಯ ನಕ್ಕ,
ನಕ್ಕೇ ಚೀಲ ಹೊತ್ತ.

ಹೊಲದ ನಡುವಿನ ಬೇವಿನ ಮರದಿಂದ ಪಡುವಲಕ್ಕೆ ಮಾತ್ರ ಕೊಟ್ಟೆವು,
ಬಿತ್ತುವಾಗ ಒಂದು ಸಲ,
ಪೈರು ಮೊಣಕಾಲು ಮುಟ್ಟಿದಾಗ ಇನ್ನೊಂದು.

ಹೊಡೆ ಬಿಚ್ಚುವ ಹೊತ್ತಿಗೆ
ಮೂಡಲ ಕಡೆ ಬೀಡಿ ಮತ್ತೆ ಹೊತ್ತಿತು.
ಪಡುವಲ ಸಾಲು ಸುಡುಬಿಸಿಲಲ್ಲೂ
ಎಲೆ ಸುರುಳಿ ಸುತ್ತದೆ ನಿಂತಿತ್ತು,
ಸಾಲ ತೀರಿಸಿದವರ ಗತ್ತಲ್ಲ,
ಸುಮ್ಮನೆ, ನಿಲ್ಲಲು ಬಂದವರ ಹಾಗೆ.

ಪವಾಡವೇನಲ್ಲ. ತೆನೆ ಹಿಡಿದರೆ ಅಂಗೈ ತುಂಬದು.
ಆದರೆ ಕಾಳು ಬಿಗಿ, ಉಗುರಿಗೆ ಹಾಲು ಚಿಮ್ಮಿತು.
ಕಾಲುವೆಯಂಚು ಇನ್ನೂ ಬೆಳ್ಳಗೇ ಇದೆ.
ನೀರು ತನ್ನ ಬುದ್ಧಿ ಬಿಟ್ಟಿಲ್ಲ.

ನಿನ್ನೆ ಸಂಜೆ ಬದುವಿನ ಮೇಲೆ ಕೆಂಡ ಮಾಡಿ
ನಾಲ್ಕು ಹಸಿತೆನೆ ಸುಟ್ಟೆವು.
ಪಾಲಯ್ಯ ಬುತ್ತಿಯ ಗಂಟು ಬಿಚ್ಚಿ
ಕಾಗದದಲ್ಲಿದ್ದ ಉಪ್ಪು ಮುಂದಕ್ಕೆ ಸರಿಸಿದ.

ಬೇಡ, ಎಂದೆ.
ಇವು ತಮ್ಮ ಪಾಲಿನದನ್ನು ಆಗಲೇ ನೋಡಿವೆ.

ಬಿಸಿ ಕಾಳು ಬಾಯಿಗೆಸೆದು ಜಗಿದೆ,
ಸಿಹಿಗಾಗಿ ಅಲ್ಲ, ಅಭ್ಯಾಸಬಲ:
ನಾಲಿಗೆ ತಾನೇ ಅಳೆಯತೊಡಗಿತ್ತು.