ಬೀಗದ ಕೈ

ರೇಡಿಯೊದವನು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು:
ಆ ವಾರ ನನ್ನ ಅಂಗಡಿಯಲ್ಲಿ
ಒಂದೇ ಒಂದು ಜಿಪ್ಪು ಖರ್ಚಾಗಲಿಲ್ಲ.

ಗ್ರಿಮ್ಸ್‌ಬಿಯ ಮಾರುಕಟ್ಟೆಯೊಳಗೆ, ಮೀನಿನ ಸಾಲು ದಾಟಿದರೆ
ಬಲಕ್ಕೆ ನಾನು: ಗುಂಡಿ, ದಾರ, ಉಣ್ಣೆ, ಲಾಡಿ.
ಎದುರಿಗೆ ಓಡ್ಲಿಂಗ್: ಜೋಡು ರಿಪೇರಿ, ಬೀಗದ ಕೈ.
ಊರಿಗೆ ಊರೇ ಸೊರಗಿದ ಆ ನಾಲ್ಕು ವರ್ಷ
ನಮ್ಮಿಬ್ಬರಿಗೆ ಮಾತ್ರ ಕೈತುಂಬ ಕೆಲಸ.
ಹೇಳಿಕೊಳ್ಳಲು ನಾಚಿಕೆ. ಆದರೂ ನಿಜ.

ಹೊಸ ಪ್ಯಾಂಟು ಕೊಳ್ಳಲಾಗದವರು ಜಿಪ್ಪು ಕೊಂಡರು.
ಮಂಡಿ ಹರಿದ ಮಕ್ಕಳಿಗೆ ತೇಪೆ, ರಾಕೆಟ್ಟಿನದು, ಡೈನೋಸಾರಿನದು;
ತೇಪೆಯಲ್ಲ, ಶೋಕಿ ಅನ್ನಿಸಲಿ ಎಂದು
ನಾನೇ ಆರಿಸಿ ತರಿಸುತ್ತಿದ್ದೆ.
ಓಡ್ಲಿಂಗ್ ಒಂದೇ ಜೋಡಿಗೆ ಮೂರು ಸಲ ಅಟ್ಟೆ ಬಡಿದ.
'ಬೂಟಿಗೆ ಮೂರನೇ ಜನ್ಮ, ಕಾಲಿಗಿನ್ನೂ ಮೊದಲನೆಯದೇ'
ಅಂತ ನಗಿಸಿ ಕಳಿಸುತ್ತಿದ್ದ, ನಗು ಬಾರದವರನ್ನೂ.
ಕೀಲಿ ಕೊರೆಯುವ ಯಂತ್ರದ ಮೇಲೆ ಮಾತ್ರ
ನಿನ್ನೆಯ ಪೇಪರು, ಚಹಾದ ಮಗ್ಗು, ಅರ್ಧ ತಿಂದ ಪೈ.
ಮನೆ ಬಿಟ್ಟು ಹೋಗುವವರ ಊರಲ್ಲಿ
ಯಾರಿಗೆ ಬೇಕು ಎರಡನೇ ಕೀಲಿ?

ಒಂದು ಸೋಮವಾರ ಆ ಯಂತ್ರ ಕಿರ್ರೆಂದಿತು.
ಬಂದರಿನ ಹತ್ತಿರ ಹುಡುಗಿಯೊಬ್ಬಳು
ಬ್ರೆಡ್ಡಿನಂಗಡಿ ತೆಗೆಯುತ್ತಾಳಂತೆ. ಮೂರು ಬೇಕಂತೆ:
ಅವಳಿಗೊಂದು, ತಂಗಿಗೊಂದು,
ಕೆಲಸಕ್ಕೆ ಬರಲಿರುವ, ಇನ್ನೂ ಸಿಕ್ಕಿರದ ಯಾರಿಗೋ ಒಂದು.

ಮರುವಾರ ಐದು. ಅದರ ಮರುವಾರ ಹನ್ನೊಂದು.
ಕಡಲ ಗಾಳಿಯಂತ್ರಗಳ ಕೆಲಸಕ್ಕೆ ಬಂದ ಹುಡುಗರು
ಬಾಡಿಗೆ ಕೋಣೆಯ ಕೀಲಿ ಹಿಡಿದು ಸಾಲು ನಿಂತರು,
ಕಾಲಲ್ಲಿ ಹೊಸ ಬೂಟು. ಓಡ್ಲಿಂಗ್ ಅದನ್ನೇ ನೋಡಿದ,
ವೈದ್ಯ ಗಟ್ಟಿಮುಟ್ಟಾದವನನ್ನು ನೋಡುವಂತೆ.

ನಮ್ಮಲ್ಲಿ ಇದಕ್ಕೆ ಬೀಗದ ಕೈ ಅನ್ನುತ್ತಾರೆ, ಎಂದೆ.
ಬೀಗಕ್ಕೂ ಕೈಯೇ? ಹಿತ್ತಾಳೆಯ ಪುಡಿ ಊದಿದ.
ಹೌದು. ಕೈ ಹಿಡಿದರೆ ಕಾಪಾಡಿದ ಹಾಗೆ,
ಕೈ ಕೊಟ್ಟರೆ ಮುಳುಗಿಸಿದ ಹಾಗೆ.
ಹಾಗಾದರೆ, ಅಂದ, ಮುಚ್ಚಿಹೋದ ನಮ್ಮ ಕಾರ್ಖಾನೆಗೆ
ನಿಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು.

ಬೇರೆ ಗುರುತುಗಳೂ ಇದ್ದವು, ಸಣ್ಣವು.
ಮಿಸೆಸ್ ಡ್ರೂರಿ ಹ್ಯಾಡಕ್ ಕೊಳ್ಳುವಾಗ ಬೆಲೆ ಕೇಳಲು ಮರೆತಳು.
ಬೆಳಗಿನ ಐದೂವರೆಯ ಬಸ್ಸಿನಲ್ಲಿ
ಮತ್ತೆ ನಿಂತೇ ತೂಕಡಿಸುವವರು.
ಗಿರವಿ ಅಂಗಡಿಯ ಗಾಜಿನ ಹಿಂದೆ
ಎರಡು ವರ್ಷ ನೇತಾಡಿದ ತುತ್ತೂರಿ ಕಾಣಲಿಲ್ಲ;
ಭಾನುವಾರ ಯಾರದೋ ಹಿತ್ತಲಿಂದ
ಒಂದು ತಪ್ಪು ಸ್ವರ, ಮತ್ತೆ ಅದೇ ತಪ್ಪು.
ಜನ ಗೊಣಗುವುದಕ್ಕೂ ಶುರುಮಾಡಿದರು,
ಕಾರು ನಿಲ್ಲಿಸಲು ಜಾಗವಿಲ್ಲ ಎಂದು.

ಓಡ್ಲಿಂಗನ ಮೇಲಿನ ಹಲಗೆಯಲ್ಲಿ ಮಾತ್ರ
ಯಾರೂ ಒಯ್ಯದ ಜೋಡುಗಳು ಹಾಗೇ ಇದ್ದವು,
ರಿಪೇರಿಯಾಗಿ, ಪಾಲಿಶ್ ಆಗಿ, ಧೂಳು ಹಿಡಿದು.
ಕಳೆದ ಗುರುವಾರ ಒಬ್ಬಾಕೆ ಬಂದಳು.
ಪರ್ಸಿನ ಮಡಿಕೆಯಿಂದ ಚೀಟಿ ತೆಗೆದಳು, ಶಾಯಿ ಮಾಸಿತ್ತು.
ಅವನು ಏಣಿ ಹತ್ತಿ, ಊದಿ, ಒರೆಸಿ, ಇಳಿಸಿದ:
ಶಾಲೆಯ ಕಪ್ಪು ಬೂಟು, ನನ್ನ ಗೇಣಿನಷ್ಟೂ ಇಲ್ಲ.
ಚೀಟಿಯಲ್ಲಿದ್ದ ಹಳೆಯ ದರವನ್ನೇ ಹೇಳಿದ.
ನೋಟು ಕೊಟ್ಟಳು, ಚಿಲ್ಲರೆ ಬೇಡ ಅಂದಳು.
'ಹುಡುಗನಿಗೀಗ ಐದನೇ ನಂಬರು. ಗೊತ್ತು.'
ಗೊತ್ತಿದ್ದೂ ಎದೆಗವಚಿಕೊಂಡು ಹೋದಳು.

ಓಡ್ಲಿಂಗ್ ಏಣಿಯ ಬುಡದಲ್ಲೇ ಸ್ವಲ್ಪ ಹೊತ್ತು ನಿಂತ.
ಅಷ್ಟರಲ್ಲಿ ಯಾರೋ ಕೀಲಿಗೆ ಬಂದರು.

ನನಗೆ ಪರದೆ ಬಟ್ಟೆಯ ಆರ್ಡರು ಬರೆಯುವುದಿತ್ತು;
ಹಳದಿಯೋ ಹಸಿರೋ ಎಂದು ಅರ್ಧ ಗಂಟೆ
ತಲೆ ತಿನ್ನುವವರು ಮತ್ತೆ ಬರುತ್ತಿದ್ದಾರೆ.
ಜಿಪ್ಪಿನ ಡಬ್ಬವನ್ನು ಮುಂದಿನ ಸಾಲಿನಿಂದ ತೆಗೆದೆ.
ಎಸೆಯಲಿಲ್ಲ. ಮೇಜಿನ ಕೆಳಗೆ ಇಟ್ಟಿದ್ದೇನೆ,
ಕೈಗೆಟಕುವ ಹಾಗೆ.