ಲೂಪು ಹಚ್ಚುವಷ್ಟು ಹೊತ್ತು

ಗಡಿಯಾರ ನೋಡುವ ರೂಢಿ ನನಗಿಲ್ಲ.
ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಹೊತ್ತೆಂದರೆ ಹೊಲಿಗೆ.
ಸಂಜೆ, ದಾರ ಕತ್ತರಿಸುತ್ತ ಕೂತಿದ್ದ ಸುಂಕಮ್ಮ
ಕತ್ತರಿ ಕೆಳಗಿಟ್ಟು ಗೋಡೆ ಹಿಡಿದು ನಿಂತಳು.
ಆ ನೋವಿಗೂ ಮುಂದಿನದಕ್ಕೂ ನಡುವೆ
ಒಂದು ಇಡೀ ಪ್ಯಾಂಟು ಮುಗಿಯಿತು,
ಜಿಪ್ಪು, ಬೆಲ್ಟು, ಕಾಲಿನ ಮಡಿಕೆ ಎಲ್ಲ.
"ಸುಳ್ಳು ನೋವು ಇದು," ಎಂದಳು,
"ಲಾಟು ಬೆಳಿಗ್ಗೆ ಕೊಡಬೇಕಲ್ಲ, ನೀವು ಹೊಲೀರಿ."
ಹೊಲಿದೆ.
ಮೂರನೆಯದಕ್ಕೆ ಪಕ್ಕದ ಹೊಲಿಗೆಯಷ್ಟೇ ಆಯಿತು.
ಆಮೇಲೆ ಹಿಂದಿನ ಜೇಬೊಂದು.
ಆಮೇಲೆ ಬಾಬಿನ್ ಬದಲಿಸಲು ಬಗ್ಗಿದ್ದೆ,
ಹಸೀನಾಬಿ ಹೊಟ್ಟೆ ಮುಟ್ಟಿ ನೋಡಿ
ನನ್ನ ಮಿಷನ್ನಿನ ಸ್ವಿಚ್ಚು ಆರಿಸಿದಳು.

ಮಹಬೂಬನ ಆಟೋದಲ್ಲಿ ಆಗಲೇ ಮೂವತ್ತು ಪ್ಯಾಂಟಿನ ಗಂಟು,
ವಾಷಿಂಗಿಗೆ ಹೋಗಬೇಕಾದದ್ದು.
ಅದಕ್ಕೇ ಒರಗಿ ಕೂತಳು.
ಎರಡನೇ ಗೇಟು ಹಾಕಿತ್ತು.
ಅದಿರಿನ ಗೂಡ್ಸು, ಮುಗಿಯುವ ಜಾತಿಯದ್ದಲ್ಲ.
ಐವತ್ತೆಂಟು ಡಬ್ಬಿ ಎಣಿಸಿದೆ,
ಅಷ್ಟರಲ್ಲಿ ನಾಲ್ಕು ಸಲ ನನ್ನ ಮಣಿಕಟ್ಟು ಹಿಂಡಿದಳು.
ನಡುವೆ ಒಂದು ಲೂಪು ಹಚ್ಚುವಷ್ಟೂ ಬಿಡುವಿಲ್ಲ.
ಮಹಬೂಬ ಗೇಟಿನವನನ್ನು ಬೈದ, ಗಣಿಯನ್ನು ಬೈದ,
ಕೊನೆಗೆ ತನ್ನ ಹಾರ್ನನ್ನೇ ಬೈದ.
ನೀರು ಒಡೆದದ್ದು ಅಲ್ಲೇ, ಗಂಟಿನ ಮೇಲೆ.
"ಹೆಂಗೂ ತೊಳೆಯಾಕೆ ಹೋಗೋದು ಬಿಡಣ್ಣ."
ಆ ಎರಡು ಪ್ಯಾಂಟು ಈಗ ಯಾವೂರಿನಲ್ಲೋ,
ಯಾರ ಮೈಮೇಲೋ.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡು
ಗಂಡಸರನ್ನು ಹೊಸ್ತಿಲಲ್ಲೇ ಕತ್ತರಿಸುತ್ತದೆ.
ಚಪ್ಪಲಿ, ಕಿವಿಯೋಲೆ, ತಾಯಿ ಕಾರ್ಡು ನನ್ನ ಕೈಗೆ ಬಂದವು.
ಅವಳು ಒಳಗೆ ಹೋದಳು.
ಹೊರಗೆ ಚಾಪೆಗಳು, ಟಿಫಿನ್ ಡಬ್ಬಿಗಳು,
ತಿರುಗುವಂತೆ ನಟಿಸುವ ಒಂದು ಫ್ಯಾನು.

ಮೂರು ವರ್ಷದಿಂದ ನಾನು ಅವಳಿಗೆ
"ಇಲ್ನೋಡ್ರಿ", "ಕೇಳಿದ್ರಾ", ಒಮ್ಮೊಮ್ಮೆ ಬರೀ ಕೆಮ್ಮು.
ರೇಷನ್ ಅಂಗಡಿಯವನು ಗಂಡನ ಹೆಸರು ಕೇಳಿದರೆ
ಕಾರ್ಡು ಮುಂದೆ ತಳ್ಳಿ "ಅದ್ರಾಗೆ ಬರ್ದೈತೆ" ಅನ್ನುವವಳು.
ನಸುಕಿನಲ್ಲಿ ಒಳಗಿಂದ ಒಂದು ಕೂಗು:
ಎರ್ರಿಸ್ವಾಮೀ!
ಕುರುಗೋಡಿನ ಮುದುಕಿ ಎದ್ದು ಕೂತು ಕೈಮುಗಿದಳು.
"ತಾತನ್ನ ಕರೀತಾಳೆ. ಕಾಯ್ತಾನೆ ಬಿಡು."
ಇನ್ನೊಂದು ಕೂಗು:
ಎರ್ರಿಸ್ವಾಮೀ, ನಿನ್ ಮನಿ ಹಾಳಾಗ!
ಮುದುಕಿ ಕೈ ಇಳಿಸಿದಳು.
ಎಲ್ಲರೂ ತಿರುಗಿ ನೋಡುವ ಮೊದಲೇ
ನಾನು ಎದ್ದು ನಿಂತಿದ್ದೆ,
ಶಾಲೆಯಲ್ಲಿ ಹಾಜರಿ ಕೂಗಿದಂತೆ.

ಆಮೇಲೆ ಏನೂ ಇಲ್ಲ.
ಕರೆಂಟು ಹೋಗಿ ಓಣಿಯ ಮಿಷನ್ನುಗಳೆಲ್ಲ
ಒಟ್ಟಿಗೇ ನಿಂತಾಗ ಕಿವಿ ತುಂಬುತ್ತದಲ್ಲ, ಅದು.
ಎಷ್ಟು ಹೊತ್ತು? ಹೇಳಲಾರೆ.
ಅದಕ್ಕೆ ನನ್ನ ಹತ್ತಿರ ಹೊಲಿಗೆ ಇಲ್ಲ.

ಅವಳೇ ಮಧ್ಯಾಹ್ನ ಹೇಳಿದಳು:
"ಬಂದಾಗ ನೀಲಿ ಇದ್ದಳು ರೀ, ನಿಮ್ಮ ಬೆರಳಿನಂಗೆ.
ಅಳಲಿಲ್ಲ. ಸಿಸ್ಟರು ಬೆನ್ನು ತಿಕ್ಕಿದರು, ಮೂಗಿಗೆ ನಳಿಗೆ ಹಾಕಿದರು.
ತೊಳೀರಿ, ಚೆಂದಾಗಿ ತೊಳೀರಿ, ಹೋಗ್ತೈತೆ ಅಂದೆ."
ಒಂಬತ್ತು ವರ್ಷ ನೀಲಿಯನ್ನೇ ಹೊಲಿದಿದ್ದೇನೆ,
ಕಡು, ತಿಳಿ, ಕಲ್ಲು ಹಾಕಿ ಒಗೆದದ್ದು.
ಅವಳು ಹೇಳಿದ ನೀಲಿ ನೋಡಿಲ್ಲ.
ಯಾವ ಲಾಟಿನಲ್ಲೂ ಬರುವುದು ಬೇಡ.

ಹೊಕ್ಕುಳಬಳ್ಳಿ ಕತ್ತರಿಸುವಾಗ
"ಬುಡಕ್ಕೆ ಹಚ್ಚಬ್ಯಾಡ್ರಿ, ಹೊಲಿಗೆ ಬಿಚ್ತೈತೆ" ಅಂದಳಂತೆ.
ಸಿಸ್ಟರು ನಕ್ಕು ನಕ್ಕು ನನಗೂ ಬಂದು ಹೇಳಿದರು,
ಹೇಳುತ್ತಲೇ ಮಗಳನ್ನು ಕೈಗಿಟ್ಟರು.
ಹಣ್ಣು ಮೆಣಸಿನಕಾಯಿಯಷ್ಟು ಕೆಂಪು, ಅಷ್ಟೇ ಖಾರ.
ಮೂರು ಸಲ ಸೋಪು ಹಚ್ಚಿದ್ದೆ, ಆದರೂ
ಬಿಳಿ ಬಟ್ಟೆಗೆ ಬೆರಳು ತಾಗದಂತೆ ಹಿಡಿದೆ,
ಮೊಳಕೈಗಳಿಂದ, ಕಟ್ಟಿಗೆ ಹೊರೆ ಹೊತ್ತವನ ಹಾಗೆ.

ವಾರ್ಡು ನಿದ್ದೆಹೋದಾಗ ಬಗ್ಗಿ ಕೇಳಿದೆ,
"ಇನ್ನೊಮ್ಮೆ ಹೆಸರು ಕರಿಯೇ."
ಕಣ್ಣು ಬಿಡಲಿಲ್ಲ.
"ಅಷ್ಟು ನೋವು ಯಾರಿಗೆ ಬೇಕ್ರಿ.
ಕತ್ತರಿ ನೆಲದ ಮ್ಯಾಲೇ ಬಿಟ್ಟು ಬಂದೀನಿ,
ಮನಿಗೆ ಹೋದಾಗ ನೋಡ್ಕೊಂಡು ಕಾಲಿಡ್ರಿ."