ಸಮುದ್ರದಾಚಿ ಅಕ್ಕಗ

ಅಕ್ಕಾ,
ಹೇಳಾಕಿ ನಾನು. ಬರಿಯಾಂವ ಶಹಾಪುರ ಪೇಟಿಯ ಕರಣಿಕ ರಾಚಪ್ಪ,
ಸಾಲಿಗೊಂದು ಕಾಸು ಅಂತಾನ, ಅದಕ್ಕ ಗಿಡ್ಡ ಹೇಳತೀನಿ.
ಮುಂದ ಗೋವಾದ ಕುದುರಿ ದಲಾಲ ಇದನ್ನ
ನಿಮ್ಮ ಮಾತಿಗೆ ಹೊಳ್ಳಸತಾನ.
ಎರಡು ಕೊಡ ದಾಟಿ ಬರೂ ನೀರು, ನಡುವ ಎಷ್ಟು ಸೋರತದೋ.
ತಳದಾಗ ಉಳದದ್ದು ಕುಡಿ.

ನಿನ್ನ ಗಂಡ ಹ್ವಾದ ಸೋಮಾರ ತೀರಿಕೊಂಡ.
ಮೊದಲ ‘ನನ್ನ ಗಂಡ’ ಅಂತ ಬರಿಸಿದ್ದೆ.
ರಾಚಪ್ಪ ಲೆಕ್ಕಣಿಕಿ ಎತ್ತಿ ನನ್ನ ಮಾರಿ ನೋಡಿದ.
ಹೊಡದು ಹಾಕು ಅಂದೆ.

ಗೋವಾ ಮುತ್ತಿಗಿಯೊಳಗ ಸಿಕ್ಕಾಂವ
ಎತ್ತಿನ ಗಾಡಿಯೊಳಗ ವಿಜಾಪುರಕ್ಕ ಬಂದ.
ಕಾಲಾಗಿನ ಸರಪಳಿ ನಮ್ಮ ಬಾದಶಹಾಂದು,
ಮೈಮ್ಯಾಲಿನ ಮಖಮಲ್ಲು ನೀ ಹೊಲಿಸಿದ್ದು.
ಹೆಸರು ಕೇಳಿದರ ಬೆಲ್ಶಿಯೋರ್ ಅಂದ,
ಯಾರ ನಾಲಿಗೀಗೂ ಹತ್ತಲಿಲ್ಲ,
ಓಣಿಯೊಳಗ ಬೆಲ್ಲಸೂರ ಆದ.

ಬಿಡುಗಡಿಗಿ ಎರಡು ಸಾವಿರ ಹೊನ್ನು ಅಂತ ಸಾರಿದರು.
ದೊಡ್ಡ ಮನೆತನದಾಂವ, ಹೊನ್ನು ಬಂದೇ ಬರತಾವ,
ಅಲ್ಲೀತನಕ ಇಟಗೊಂಡು ಉಣಿಸು ಅಂದ ಕೊತವಾಲ.
ಕೋಟಿ ಕಟ್ಟೂಮುಂದ ಕಲ್ಲು ಜಾರಿ ನನ್ನ ಮೊದಲಿನಾಂವ ಹ್ವಾದ.
ಅದೇ ಕೋಟಿಯೊಳಗ ಇವನ್ನ ಕಾಯೂದು ನನ್ನ ಪಾಲಿಗೆ ಬಂತು.

ಹದಿನಾರು ತಲಿಮಾರಿನ ಹೆಸರು ಒಂದೇ ಉಸುರಿಗೆ ಹೇಳಾಂವ,
ತನ್ನ ಕಾಲಮೆಟ್ಟು ತಾನು ಕಳಿಯಾಕ ಬರತಿದ್ದಿಲ್ಲ.
ಸಂಜೀಕ ಅಗಸಿ ಮ್ಯಾಲ ನಿಂತು ಪಡುವಣ ನೋಡಾಂವ.

ನಾಲ್ಕನೇ ವರ್ಷ ಅವರಣ್ಣನ ಕಾಗದ ಬಂತು:
ತಮ್ಮ ಯುದ್ಧದಾಗ ಸತ್ತಾನ, ಗುಡಿಯಾಗ ದೀಪ ಹಚ್ಚಿ ಹಾಡಿಸೀವಿ,
ಹೊಲ ಪಾಲಾಗ್ಯಾವ.
ಸತ್ತಾಂವನ ಹೆಸರಿಲೆ ರೊಕ್ಕ ಕೇಳೂ ಕಳ್ಳ ಯಾರು?
ಓದಿ ಹೇಳಿ ನಕ್ಕ.
ಅವತ್ತ ಎರಡು ರೊಟ್ಟಿ ಹೆಚ್ಚು ಉಂಡ.
ಸತ್ತವರಿಗೆ ಹಸಿವು ಭಾಳ, ಅಂದ.

ಮರುವಾರ ಒಂದು ಹಸರು ಸೀರಿ ತಂದ,
ಅಂಚು ಒಂದೇ ಬದಿಗಿತ್ತು, ಪೇಟಿಯವರು ಟೋಪಿ ಹಾಕಿದ್ದರು.
ಅದರಾಗ ನನ್ನ ಉಡಿಕಿ ಆತು.
ಓಣಿ ಆಡಿಕೊಂಡಿತು, ಬಾಯಿ ನೊಂದಮ್ಯಾಲ ಬಿಟ್ಟಿತು.
ಬಾವಿ ಬದೀಲೆ ದ್ರಾಕ್ಷಿ ಕಡ್ಡಿ ಹುಗದ,
ನಮ್ಮೂರ ನೆಲ ಹಿಂಗ ಇರತಿತ್ತು ಅಂದ, ಆಮ್ಯಾಲ
ಇಲ್ಲ, ಹಿಂಗ ಇರತಿದ್ದಿಲ್ಲ ಅಂದ.

ಮಗಳು ಹುಟ್ಟಿದಾಗ ಹೆಸರು ತಾನೇ ಇಟ್ಟ, ಬಿರಿತಾ ಅಂತ.
ಹಂಗಂದರೇನು? ನಮ್ಮ ಕಡಿ ಒಂದು ಹೂವು, ಅಂದ.
ಹೂವು ಬಿರೀತಾವಲ್ಲ, ಹೊಂದತದ ಅಂದೆ.
ಬಿರಿತವ್ವ ಆದಳು.

ಜ್ವರದ ಕಡೀ ರಾತ್ರಿ ಅದೇ ಹೆಸರು ಕರದ.
ಮಲಗಿದ ಕೂಸನ್ನ ಎಬ್ಬಿಸಿ ತಂದು ಬದೀಲೆ ಕುಂಡ್ರಿಸಿದೆ.
ಆಕೀ ಕಡಿ ನೋಡಲಿಲ್ಲ,
ಕಣ್ಣು ಬಾಗಲದ ಮ್ಯಾಲ.

ನಿನ್ನೆ ದಲಾಲನ್ನ ಕೇಳಿದೆ, ಕಾಗದ ಯಾರ ಹೆಸರಿಗೆ ಬರಸಲಿ?
ದೋನ ಬ್ರಿತೀಶ್, ಅಂದ.

ಏಳು ವರ್ಷ, ಅಕ್ಕಾ,
ನಿನ್ನ ಹೆಸರು ಕರದು ತಲಿ ಹಿಕ್ಕೀನಿ,
ನಿನ್ನ ಹೆಸರು ಕರದು ಬೈದೀನಿ, ಹೇನು ಆರಿಸೀನಿ,
ಓಣಿ ತುಂಬ ಕೂಗೀನಿ, ಉಣ್ಣಾಕ ಬಾ ಅಂತ.
ನಿನ್ನೆ ರಾತ್ರಿ ಕರಿಯಾಕ ಬಾಯಿ ಬರಲಿಲ್ಲ.
ಹುಡುಗಿ ತಾನೇ ಬಂದು ಗಂಗಾಳದ ಮುಂದ ಕುಂತಳು.

ಉಂಗುರ ಕಳಿಸೀನಿ. ಎರಡು ತೋಳ, ನಡುವ ಒಂದು ಕೀಲಿ.
ನಿನ್ನ ಮಗಗ ಕೊಡು. ಅದು ತೆರಿಯೂ ಬಾಗಲ ಇಲ್ಲಿಲ್ಲ.
ಹೆಸರು ಮಾತ್ರ ಹೊಳ್ಳಿ ಕೊಡಂಗಿಲ್ಲ,
ಹುಡುಗಿ ಅದಕ್ಕ ಓ ಅಂತಾಳ.

ನೀವು ಹನ್ನೆರಡು ವರ್ಷದ ಹಿಂದನ ಅತ್ತು ಮುಗಿಸೀರಿ,
ನಾ ಈಗ ಸುರು ಮಾಡಬೇಕು.
ನಿಮ್ಮ ಕಡಿ ಹೆಂಗಸರು ಹೆಂಗ ಅಳತಾರ? ಕುಂತೋ, ನಿಂತೋ?
ತಿಳಿಸು, ಅವನ ಹಂತೇಕ ಕೇಳೂದು ಉಳೀತು.

ರಾಚಪ್ಪ ಸಾಲು ಎಣಸಾಕ ಹತ್ಯಾನ.
ಇನ್ನೊಂದು ಕಾಸಿನ ಮಾತು:
ಬಳ್ಳಿ ಈ ಸಲ ಕಾಯಿ ಹಿಡದದ.
ಹುಳಿ ಅದಾವ.